ಗಾಯವನ್ನು ಒತ್ತಿ ಹಿಡಿದ ಕೈ: ಕೊಚ್ಚಿಯ ಸಿಗಡಿ ಸಿಪ್ಪೆ, ತಿರುವನಂತಪುರದ ರಕ್ತದ ಚೀಲ

ಹೋದ ಭಾನುವಾರದ ಮಾತಿನ ಬರಹರೂಪ ಇದು. ವಿಡಿಯೊದಲ್ಲಿ ಎರಡು ಕಡೆ ಇಸವಿ ತಡವರಿಸಿದ್ದೆ, ಇಲ್ಲಿ ಸರಿಮಾಡಿದ್ದೇನೆ. ಆಫೀಸ್ ಬಸ್ಸಿನಲ್ಲಿ ವಿಡಿಯೊ ನೋಡೋಕೆ ಆಗಲ್ಲ ಅನ್ನುವವರಿಗಾಗಿ ಸ್ವಲ್ಪ ಹಿಗ್ಗಿಸಿಯೂ ಬರೆದಿದ್ದೇನೆ.

ನಾನು ಕೊಚ್ಚಿಗೆ ಬಂದ ಮೊದಲನೇ ಮಳೆಗಾಲ. ಕಾಕ್ಕನಾಡಿನಲ್ಲಿ ಕೆಲಸ, ಅಲ್ಲೇ ಹತ್ತಿರ ಮೂವರು ಕನ್ನಡದ ಹುಡುಗರ ಜೊತೆ ಒಂದು ಫ್ಲಾಟ್. ಸೀಪೋರ್ಟ್–ಏರ್‌ಪೋರ್ಟ್ ರಸ್ತೆಯಲ್ಲಿ ಸಂಜೆ ಶಿಫ್ಟ್ ಮುಗಿಸಿ ನಡೆದು ಬರ್ತಾ ಇದ್ದಾಗ ಕಣ್ಣೆದುರೇ ಒಂದು ಬೈಕ್ ಜಾರಿತು. ಹುಡುಗ ರಸ್ತೆ ಪಕ್ಕದ ಅಂಗಡಿಯ ತಗಡಿನ ಶೀಟಿಗೆ ಹೋಗಿ ಬಿದ್ದ. ಎದ್ದು ಕೂತ, ಹೆಲ್ಮೆಟ್ ತೆಗೆದ, ನಮ್ಮನ್ನ ನೋಡಿ ನಕ್ಕ ಕೂಡ. ಆಮೇಲೆ ನೋಡಿದರೆ ತೊಡೆಯ ಒಳಭಾಗದಲ್ಲಿ ಪ್ಯಾಂಟ್ ಸೀಳಿ ಹೋಗಿದೆ, ರಕ್ತ ಚಿಮ್ಮುತ್ತಾ ಇದೆ. ಹರಿಯೋದಲ್ಲ, ಚಿಮ್ಮೋದು. ನಾಡಿ ಬಡಿದ ಹಾಗೆ, ಒಂದೊಂದು ಸಲಕ್ಕೆ ಒಂದೊಂದು.

ಕೊರಳಲ್ಲಿ ಐಡಿ ಕಾರ್ಡ್ ಹಾಕಿಕೊಂಡ ನಾವು ನಾಲ್ವರು ಇದ್ದೆವು. ಒಬ್ಬ 'ಪೊಲೀಸ್ ಕೇಸ್ ಆಗುತ್ತೆ ಮಾರಾಯ, ಕೈ ಹಾಕಬೇಡ' ಅಂದ. ನಾನು ಮಾಡಿದ್ದು ಇನ್ನೂ ನಾಚಿಕೆಯ ವಿಷಯ: ಫೋನ್ ತೆಗೆದು 'ರಕ್ತ ನಿಲ್ಲಿಸೋದು ಹೇಗೆ' ಅಂತ ಹುಡುಕೋಕೆ ಹೊರಟೆ. ಅಷ್ಟರಲ್ಲಿ ಒಬ್ಬ ಆಟೋ ಚೇಟ್ಟನ್ ಗಾಡಿ ನಿಲ್ಲಿಸಿ ಬಂದರು. ಹೆಗಲ ಮೇಲಿದ್ದ ತೋರ್ತು ತೆಗೆದು ಉಂಡೆ ಮಾಡಿ ಗಾಯಕ್ಕೆ ಇಟ್ಟು, ಅದರ ಮೇಲೆ ಎರಡೂ ಕೈ ಹಾಕಿ, ಮೈಭಾರ ಬಿಟ್ಟರು. ನನ್ನ ಕಡೆ ತಿರುಗಿ 'ಅಮರ್ತಿಪ್ಪಿಡಿಕ್ಕ್!' ಅಂತ ಕೂಗಿದರು. ನನಗೆ ಆಗ ಬರ್ತಿದ್ದ ಮಲಯಾಳಂ ಊಟ, ಬಾಡಿಗೆ, ಎಷ್ಟು ದುಡ್ಡು, ಇಷ್ಟೇ. ಆದರೂ ಅರ್ಥವಾಯಿತು. ಪಿಡಿ ಅಂದರೆ ಹಿಡಿ. ಪಾಲು ಹಾಲಾದ ಹಾಗೆ ನಮ್ಮ ಹಳಗನ್ನಡದ ಪಿಡಿ ಹಿಡಿಯಾಯಿತು, ಅವರಲ್ಲಿ ಹಾಗೇ ಉಳಿದಿದೆ. ಒತ್ತಿ ಹಿಡಿ ಅಂತ ಹೇಳ್ತಾ ಇದ್ದಾರೆ.

ಅವರು ಆಟೋ ತಿರುಗಿಸಿ ತಂದರು. ಹುಡುಗನ ಜೊತೆ ಹಿಂದೆ ಕೂತು ಆಸ್ಪತ್ರೆಯವರೆಗೆ ಒತ್ತಿ ಹಿಡಿದವನು ನಾನು. ನಡುವೆ ಒಂದು ತಪ್ಪು ಮಾಡಿದೆ. ನಿಂತಿದೆಯೋ ನೋಡೋಣ ಅಂತ ಬಟ್ಟೆ ಎತ್ತಿದೆ. ಮತ್ತೆ ಚಿಮ್ಮಿತು. ಕನ್ನಡಿಯಲ್ಲಿ ನೋಡಿದ ಚೇಟ್ಟನ್ ಬೈದದ್ದು ಅರ್ಥ ಆಗಲಿಲ್ಲ, ಆಗೋದೂ ಬೇಡ. ಹುಡುಗ ಉಳಿದ. ಕಾಲೂ ಉಳಿಯಿತು.

ಆ ರಾತ್ರಿ ಉಗುರಿನ ಸಂದಿಯ ರಕ್ತ ತೊಳೀತಾ ಒಂದು ಪ್ರಶ್ನೆ ಹತ್ತಿಕೊಂಡಿತು. ಇಷ್ಟು ಸರಳವಾದ ಕೆಲಸ, ಒತ್ತಿ ಹಿಡಿಯೋದು, ಅದು ನನಗೆ ಯಾಕೆ ಗೊತ್ತಿರಲಿಲ್ಲ? ಹದಿನಾರು ವರ್ಷ ಓದಿದ್ದೇನೆ, ಯಾರೂ ಹೇಳಲಿಲ್ಲ. ಅರಸೀಕೆರೆಯಲ್ಲಿ ನಮ್ಮಜ್ಜಿ ಗಾಯಕ್ಕೆ ಕಾಫಿಪುಡಿ ಮೆತ್ತುತ್ತಿದ್ದರು, ಇಲ್ಲ ಅರಿಶಿನ. ನನ್ನ ತಲೆಯಲ್ಲಿದ್ದ ಪ್ರಥಮ ಚಿಕಿತ್ಸೆ ಅಷ್ಟೇ. ಈ ಪ್ರಶ್ನೆ ಹಿಡಿದು ಹುಡುಕುತ್ತಾ ಹೋದರೆ ಇತಿಹಾಸ ನಾವಿರುವ ಈ ಎರಡು ಊರುಗಳಿಗೇ ತಂದು ಬಿಟ್ಟಿತು.

ಹಳೆಯದರಿಂದ ಶುರುಮಾಡೋಣ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಹದಿನಾಲ್ಕನೇ ಅಧ್ಯಾಯ ಪೂರ್ತಿ ರಕ್ತದ ಬಗ್ಗೆ. ಅಲ್ಲಿ ರಕ್ತ ನಿಲ್ಲಿಸೋಕೆ ನಾಲ್ಕು ದಾರಿ ಹೇಳಿದೆ: ಸಂಧಾನ, ಸ್ಕಂದನ, ಪಾಚನ, ದಹನ. ಒಗರು ವಸ್ತುಗಳಿಂದ ಗಾಯದ ಬಾಯಿ ಕೂಡಿಸೋದು, ತಂಪಿನಿಂದ ರಕ್ತ ಗಟ್ಟಿಯಾಗಿಸೋದು, ಬೂದಿ ಹಾಕೋದು, ಯಾವುದಕ್ಕೂ ಬಗ್ಗದಿದ್ದರೆ ಸುಡೋದು. ಈ ನಾಲ್ಕು ಹೆಸರು ಎಲ್ಲರೂ ಹೇಳ್ತಾರೆ. ನನಗೆ ಹೆಚ್ಚು ಇಷ್ಟವಾದದ್ದು ಅದೇ ಅಧ್ಯಾಯದ ಒಂದು ಸಣ್ಣ ವಿವರ. ರಕ್ತ ತೆಗೆಯುವ ಚಿಕಿತ್ಸೆಯಲ್ಲಿ ರಕ್ತ ನಿಲ್ಲದೇ ಹೋದರೆ ಏನು ಮಾಡಬೇಕು? ಪುಡಿ ಉದುರಿಸಿ, ಬೆರಳ ತುದಿಯಿಂದ ಗಾಯದ ಬಾಯಿಯನ್ನ ಒತ್ತಬೇಕು, ಆಮೇಲೆ ಬಿಗಿಯಾಗಿ ಕಟ್ಟಬೇಕು ಅಂತಿದೆ. ಪುಡಿಯ ಪಟ್ಟಿ ಉದ್ದ ಇದೆ. ಆದರೆ ನಮ್ಮಜ್ಜಿಯ ಕಾಲಕ್ಕೆ ಬರುವ ಹೊತ್ತಿಗೆ ಪುಡಿ ಉಳಿದು ಬೆರಳು ಕಳೆದುಹೋಗಿತ್ತು ಅಂತ ನನ್ನ ಅನುಮಾನ.

ಈ ಪುಸ್ತಕವನ್ನ ಇಂಗ್ಲಿಷಿನಲ್ಲಿ ಆಧುನಿಕ ಓದುಗರಿಗೆ ತಿಳಿಯುವ ಹಾಗೆ ವಿವರಿಸಿದವರಲ್ಲಿ ಒಬ್ಬರು ಹೃದಯ ಶಸ್ತ್ರಚಿಕಿತ್ಸಕ ಎಂ.ಎಸ್. ವಲಿಯತ್ತಾನ್. ಅವರ 'ದಿ ಲೆಗಸಿ ಆಫ್ ಸುಶ್ರುತ' 2007ರಲ್ಲಿ ಬಂತು. ಮಾವೇಲಿಕ್ಕರದವರು. ಕೊನೆಯ ವರ್ಷಗಳನ್ನ ಕಳೆದದ್ದು ನಮ್ಮ ಮಣಿಪಾಲದಲ್ಲಿ, 2024ರ ಜುಲೈನಲ್ಲಿ ತೀರಿಕೊಂಡದ್ದೂ ಅಲ್ಲೇ. ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಉಪಕುಲಪತಿ ಅವರು. ಈ ಹೆಸರು ನೆನಪಿಟ್ಟುಕೊಳ್ಳಿ, ತಿರುವನಂತಪುರದ ಕಥೆಯಲ್ಲಿ ಮತ್ತೆ ಬರುತ್ತೆ.

ಯುರೋಪಿನ ಕಥೆ ಬೇಗ ಹೇಳಿ ಮುಗಿಸ್ತೇನೆ. ಅಲ್ಲಿ ಕಾದ ಕಬ್ಬಿಣ, ಕುದಿವ ಎಣ್ಣೆಯ ಕಾಲ ಬಹಳ ಉದ್ದ. ಹದಿನಾರನೇ ಶತಮಾನದಲ್ಲಿ ಫ್ರಾನ್ಸಿನ ಆಂಬ್ರೋಯ್ಸ್ ಪಾರೆ, ಕಾಲು ಕತ್ತರಿಸಿದಾಗ ಸುಡುವ ಬದಲು ರಕ್ತನಾಳಕ್ಕೆ ದಾರ ಕಟ್ಟಿ ತೋರಿಸಿದ. 1718ರಲ್ಲಿ ಪೆಟಿ ಅನ್ನುವ ಇನ್ನೊಬ್ಬ ಫ್ರೆಂಚ್ ವೈದ್ಯ ತಿರುಪಿನಿಂದ ಬಿಗಿಯಾಗುವ ಪಟ್ಟಿ ಮಾಡಿದ. ತಿರುಗಿಸು ಅನ್ನುವ ಫ್ರೆಂಚ್ ಪದದಿಂದಲೇ ಟೂರ್ನಿಕೆಟ್ ಹೆಸರು ಬಂದದ್ದು. 1877ರಲ್ಲಿ ಇಂಗ್ಲೆಂಡಿನಲ್ಲಿ ಸೇಂಟ್ ಜಾನ್ ಆಂಬ್ಯುಲೆನ್ಸ್ ಸಂಸ್ಥೆ ಹುಟ್ಟಿತು. ಮರುವರ್ಷ ಪೀಟರ್ ಶೆಫರ್ಡ್ ಅನ್ನುವ ಸೇನಾ ವೈದ್ಯ ಸಾಮಾನ್ಯ ಜನರಿಗೆ, ಅಂದರೆ ಡಾಕ್ಟರಲ್ಲದವರಿಗೆ, ಪ್ರಥಮ ಚಿಕಿತ್ಸೆಯ ಪಾಠ ಮಾಡಿದ. ಪಾಠದ ಕೈಪಿಡಿ ಅಚ್ಚಾಗಿ ಬರುವ ಹೊತ್ತಿಗೆ ಆತ ಇರಲಿಲ್ಲ. 1879ರ ಜನವರಿಯಲ್ಲಿ ಜುಲು ಯುದ್ಧದ ಇಸಂಡ್ಲ್‌ವಾನಾ ಕದನದಲ್ಲಿ ಸತ್ತ. ಅಂದರೆ ರಸ್ತೆಯಲ್ಲಿ ನಿಂತ ನಿಮ್ಮಂಥ ನನ್ನಂಥವರ ಕೈಗೆ ಈ ವಿದ್ಯೆ ಕೊಡಬೇಕು ಅನ್ನುವ ಯೋಚನೆಗೆ ಇನ್ನೂ ನೂರೈವತ್ತು ವರ್ಷ ತುಂಬಿಲ್ಲ.

ಟೂರ್ನಿಕೆಟ್ಟಿನ ಹಣೆಬರಹ ವಿಚಿತ್ರ. ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳು ಗಂಟೆಗಟ್ಟಲೆ ಕಂದಕದಲ್ಲಿ ಬಿದ್ದಿರುತ್ತಿದ್ದರು. ಕಟ್ಟಿದ ಪಟ್ಟಿ ಕಟ್ಟಿದ ಹಾಗೇ ಇದ್ದು ಕೈಕಾಲು ಕೊಳೆಯುತ್ತಿತ್ತು. ಅಲ್ಲಿಂದ ಅದಕ್ಕೆ ಕೆಟ್ಟ ಹೆಸರು. ನಮ್ಮ ಅಪ್ಪನ ಕಾಲದ ಸ್ಕೌಟ್ ಪುಸ್ತಕದಲ್ಲೂ 'ಕೊನೆಯ ಉಪಾಯ' ಅಂತಲೇ ಇರುತ್ತಿತ್ತು. ಆದರೆ ವಿಯೆಟ್ನಾಂ ಯುದ್ಧದ ಸಾವುಗಳನ್ನ ಆಮೇಲೆ ಲೆಕ್ಕ ಹಾಕಿದಾಗ, ಕೈಕಾಲಿನ ರಕ್ತಸ್ರಾವ ಒಂದರಿಂದಲೇ ಸುಮಾರು 2,500 ಸೈನಿಕರು ಸತ್ತಿರಬೇಕು ಅನ್ನುವ ಅಂದಾಜು ಬಂತು. 1996ರಲ್ಲಿ ಅಮೆರಿಕದ ಸೇನಾ ವೈದ್ಯ ಫ್ರಾಂಕ್ ಬಟ್ಲರ್ ಮತ್ತು ಜೊತೆಯವರು ಹಳೆಯ ನಿಯಮವನ್ನ ತಲೆಕೆಳಗು ಮಾಡಿದರು: ಗುಂಡು ಹಾರುವ ಜಾಗದಲ್ಲಿ ಮೊದಲು ಪಟ್ಟಿ ಬಿಗಿ, ಉಳಿದದ್ದು ಆಮೇಲೆ. 2006ರಲ್ಲಿ ಬಾಗ್ದಾದಿನ ಇಬ್ನ್ ಸೀನಾ ಆಸ್ಪತ್ರೆಯಲ್ಲಿ ಜಾನ್ ಕ್ರಾಗ್ ಅನ್ನುವ ವೈದ್ಯ ಪಟ್ಟಿ ಕಟ್ಟಿಸಿಕೊಂಡ 232 ಗಾಯಾಳುಗಳ ಲೆಕ್ಕ ಇಟ್ಟರು. ಮೈ ತಣ್ಣಗಾಗಿ ನಾಡಿ ಕುಸಿಯುವ ಮೊದಲೇ ಕಟ್ಟಿಸಿಕೊಂಡವರಲ್ಲಿ 90 ಶೇಕಡಾ ಉಳಿದರು. ಕುಸಿದ ಮೇಲೆ ಕಟ್ಟಿದವರಲ್ಲಿ 10 ಶೇಕಡಾ. ಪಟ್ಟಿಯ ಕಾರಣಕ್ಕೇ ಕೈಕಾಲು ಕಳೆದುಕೊಂಡವರು ಅವರ ಲೆಕ್ಕದಲ್ಲಿ ಒಬ್ಬರೂ ಇಲ್ಲ. 2015ರಲ್ಲಿ ಅಮೆರಿಕದಲ್ಲಿ 'ಸ್ಟಾಪ್ ದಿ ಬ್ಲೀಡ್' ಅಂತ ಸಾಮಾನ್ಯ ಜನರಿಗೆ ಕಲಿಸುವ ಅಭಿಯಾನ ಶುರುವಾದದ್ದು ಇದೇ ಕಲಿಕೆಯಿಂದ.

ಯುದ್ಧದಲ್ಲಿ ಇನ್ನೊಂದು ಸಮಸ್ಯೆ ಇತ್ತು. ತೊಡೆಸಂದಿಗೆ, ಕಂಕುಳಿಗೆ ಗಾಯವಾದರೆ ಪಟ್ಟಿ ಎಲ್ಲಿ ಕಟ್ಟೋದು? ಅಲ್ಲಿ ಗಾಯದ ಒಳಗೇ ಬಟ್ಟೆ ತುರುಕಿ ಒತ್ತಬೇಕು. ಆ ಬಟ್ಟೆಯೇ ರಕ್ತವನ್ನ ಹೆಪ್ಪುಗಟ್ಟಿಸಿದರೆ? ಇಲ್ಲಿಂದ ಕೊಚ್ಚಿ ನೆನಪಾಗುತ್ತೆ.

ನೀವು ತೋಪ್ಪುಂಪಡಿ, ಅರೂರ್ ಕಡೆ ಹೋಗಿದ್ದರೆ ಆ ವಾಸನೆ ಗೊತ್ತಿರುತ್ತೆ. ಸಿಗಡಿ ಸುಲಿದು ರಫ್ತು ಮಾಡುವ ಕಾರ್ಖಾನೆಗಳು. ತಲೆ, ಸಿಪ್ಪೆ ಎಲ್ಲ ರಾಶಿ ರಾಶಿ ಕಸ. ಕೊಚ್ಚಿಯಲ್ಲಿ 1957ರಲ್ಲಿ ಶುರುವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ, ಸಿಫ್ಟ್ ಅಂತೀವಲ್ಲ, ಅದರ ವಿಜ್ಞಾನಿಗಳು ಈ ಕಸದಿಂದ ಕೈಟಿನ್, ಕೈಟಿನ್‌ನಿಂದ ಕೈಟೋಸಾನ್ ತೆಗೆಯುವ ವಿಧಾನವನ್ನ ನಮ್ಮ ದೇಶದಲ್ಲಿ ಬೆಳೆಸಿದರು. ಆಸಿಡ್‌ನಲ್ಲಿ ಸಿಪ್ಪೆಯ ಸುಣ್ಣ ಕರಗಿಸೋದು, ಕ್ಷಾರದಲ್ಲಿ ಪ್ರೋಟೀನ್ ತೆಗೆಯೋದು, ಉಳಿದ ಕೈಟಿನ್ನನ್ನ ಇನ್ನೂ ಗಟ್ಟಿ ಕ್ಷಾರದಲ್ಲಿ ಕುದಿಸೋದು. ಕೈಟೋಸಾನ್‌ಗೆ ಒಂದು ಗುಣ ಇದೆ. ಅದಕ್ಕೆ ಧನ ವಿದ್ಯುದಂಶ, ಕೆಂಪು ರಕ್ತಕಣದ ಮೈಗೆ ಋಣ. ಗಾಯದಲ್ಲಿ ಇಟ್ಟ ಕೂಡಲೇ ಕಣಗಳು ಅದಕ್ಕೆ ಅಂಟಿ ಮುದ್ದೆಯಾಗಿ ಬಾಯಿ ಮುಚ್ಚುತ್ತವೆ. ದೇಹ ತಾನೇ ಹೆಪ್ಪುಗಟ್ಟಿಸುವ ವ್ಯವಸ್ಥೆಗೆ ಕಾಯೋದಿಲ್ಲ. 2002ರಲ್ಲಿ ಅಮೆರಿಕ ಹೆಮ್‌ಕಾನ್ ಅನ್ನುವ ಕೈಟೋಸಾನ್ ಬ್ಯಾಂಡೇಜಿಗೆ ಅನುಮತಿ ಕೊಟ್ಟಿತು, ಇರಾಕಿನಲ್ಲಿ ಸೈನಿಕರು ಬಳಸಿದರು. ನಮ್ಮಲ್ಲಿ ಆಕ್ಸಿಯೊ ಬಯೋಸೊಲ್ಯೂಷನ್ಸ್ ಅನ್ನುವ ಕಂಪನಿ 'ಆಕ್ಸಿಯೊಸ್ಟಾಟ್' ಅಂತ ಇದೇ ವಸ್ತುವಿನ ಪಟ್ಟಿ ಮಾಡುತ್ತೆ. ಮೀನು ಮಾರ್ಕೆಟ್ಟಿನ ಕಸ ಅಂತ ಮೂಗು ಮುಚ್ಚಿಕೊಂಡು ದಾಟಿದ ರಾಶಿಯನ್ನ ನಾನೀಗ ಬೇರೆ ಕಣ್ಣಲ್ಲಿ ನೋಡ್ತೇನೆ. ಮೂಗು ಮಾತ್ರ ಈಗಲೂ ಮುಚ್ಚಿಕೊಳ್ತೇನೆ.

ಇನ್ನೊಂದು ಬಗೆಯ ಪಟ್ಟಿಯಲ್ಲಿ ಇರೋದು ಜೇಡಿಮಣ್ಣು. ಕೇಯೋಲಿನ್, ಚೀನಾ ಜೇಡಿ ಅಂತೀವಿ. ಇದು ರಕ್ತ ಹೆಪ್ಪುಗಟ್ಟುವ ಸರಪಳಿಯ ಮೊದಲ ಕೊಂಡಿಯನ್ನ ಎಬ್ಬಿಸುತ್ತೆ. ಮೊದಲು ಜಿಯೋಲೈಟ್ ಪುಡಿ ಬಳಸುತ್ತಿದ್ದರು, ಅದು ಬಿಸಿಯಾಗಿ ಚರ್ಮ ಸುಡುತ್ತಿತ್ತು. 2008ರ ಹೊತ್ತಿಗೆ ಅಮೆರಿಕದ ಸೇನೆ ಕೇಯೋಲಿನ್ ಲೇಪಿಸಿದ ಗಾಜ್ ಬಟ್ಟೆಗೆ ಬಂತು. ಟೆಕ್ನೋಪಾರ್ಕಿನಲ್ಲಿ ಕೆಲಸ ಮಾಡುವವರಿಗೆ ವೇಳಿ ಗೊತ್ತು, ಬೋಟಿಂಗ್‌ಗೆ ಹೋಗ್ತೀರಿ. ಅಲ್ಲೇ ಇಂಗ್ಲಿಷ್ ಇಂಡಿಯನ್ ಕ್ಲೇಸ್ ಕಾರ್ಖಾನೆ ದಶಕಗಳ ಕಾಲ ಇದೇ ಜೇಡಿಯನ್ನ ಹದಮಾಡುತ್ತಿತ್ತು. ಮಣ್ಣು ಬರುತ್ತಿದ್ದದ್ದು ಕವಿ ಕುಮಾರನ್ ಆಶಾನ್ ಬದುಕಿದ ತೋನ್ನಕ್ಕಲ್ ಕಡೆಯಿಂದ. ಹೆಚ್ಚಿನದು ಕಾಗದಕ್ಕೆ, ಬಣ್ಣಕ್ಕೆ ಹೋಗುತ್ತಿತ್ತು, ಬ್ಯಾಂಡೇಜಿಗಲ್ಲ. ಹಾಗಂತ ಯಾರೂ ಗಾಯಕ್ಕೆ ಮಣ್ಣು ಮೆತ್ತಬೇಡಿ. ಶುದ್ಧ ಮಾಡದ ಮಣ್ಣಿನಲ್ಲಿ ಧನುರ್ವಾಯು ಇರುತ್ತೆ.

ಈಗ ತಿರುವನಂತಪುರ. ಇದನ್ನ ನಿಧಾನವಾಗಿ ಹೇಳ್ತೇನೆ, ಯಾಕೆಂದರೆ ಕನ್ನಡದಲ್ಲಿ ಈ ಕಥೆ ಹೇಳಿದವರು ನನಗೆ ಸಿಕ್ಕಿಲ್ಲ.

ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ರಕ್ತದಾನ ಮಾಡಿದವರಿಗೆ ಗೊತ್ತು, ಒಂದು ಚೀಲ 350 ಮಿ.ಲೀ. ಅಂದರೆ ನಾವು ಒಬ್ಬೊಬ್ಬರೂ ಹದಿನಾಲ್ಕು ಚೀಲ. ಐದಾರು ಚೀಲದಷ್ಟು ಹೋದರೆ ಜೀವಕ್ಕೆ ಅಪಾಯ, ತೊಡೆಯ ದೊಡ್ಡ ನಾಳ ಕತ್ತರಿಸಿದರೆ ಅಷ್ಟು ಹೋಗೋಕೆ ಕೆಲವೇ ನಿಮಿಷ ಸಾಕು. ಕೈ ಒತ್ತಿ ಹಿಡಿದು ಇನ್ನು ಹೋಗದ ಹಾಗೆ ಮಾಡಬಹುದು. ಹೋದದ್ದನ್ನ ತುಂಬೋಕೆ ಚೀಲ ಬೇಕು.

ಆ ಚೀಲ ಮೊದಲು ಚೀಲವಾಗಿರಲಿಲ್ಲ, ಗಾಜಿನ ಬಾಟಲಿಯಾಗಿತ್ತು. ಒಡೆಯುತ್ತೆ. ತೊಳೆದು ಮತ್ತೆ ಬಳಸಬೇಕು. ರಕ್ತ ಇಳಿಯಬೇಕಾದರೆ ಒಳಗೆ ಗಾಳಿ ಬಿಡಬೇಕು, ಆ ಗಾಳಿ ರೋಗಿಯ ನಾಳಕ್ಕೆ ಹೋದರೆ ಸಾವು. ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಅಂತ ಬೇರೆ ಮಾಡೋದು ಕಷ್ಟ. 1950ರ ಸುಮಾರಿಗೆ ಅಮೆರಿಕದ ಕಾರ್ಲ್ ವಾಲ್ಟರ್ ಮತ್ತು ವಿಲಿಯಂ ಮರ್ಫಿ ಪ್ಲಾಸ್ಟಿಕ್ ಚೀಲ ಮಾಡಿದರು. ರಕ್ತ ಇಳಿದಂತೆ ಚೀಲ ಕುಗ್ಗುತ್ತೆ, ಗಾಳಿ ಬೇಡ. ಚೀಲಕ್ಕೆ ಚೀಲ ಜೋಡಿಸಿದರೆ ಮುಚ್ಚಿದ ಹಾಗೇ ಘಟಕಗಳನ್ನ ಬೇರೆ ಮಾಡಬಹುದು. ಇಷ್ಟಾದರೂ ಮುಂದಿನ ಮೂರು ದಶಕ ಭಾರತದಲ್ಲಿ ಹೆಚ್ಚಿನ ಕಡೆ ಬಾಟಲಿಯೇ. ಚೀಲ ಆಮದಾಗಬೇಕಿತ್ತು, ದುಬಾರಿ.

1973ರಲ್ಲಿ ತಿರುವಾಂಕೂರಿನ ರಾಜಮನೆತನ ತಿರುವನಂತಪುರದಲ್ಲಿ ಒಂದು ಬಹುಮಹಡಿ ಕಟ್ಟಡವನ್ನ ಜನರಿಗೆ ಅಂತ ಸರ್ಕಾರಕ್ಕೆ ಕೊಟ್ಟಿತು. ಅದೇ ಶ್ರೀ ಚಿತ್ರ ತಿರುನಾಳ್ ಆಸ್ಪತ್ರೆಯಾಯಿತು. ಅದನ್ನ ಕಟ್ಟಿ ಬೆಳೆಸಿದವರು ನಾನು ಮೊದಲು ಹೇಳಿದ ವಲಿಯತ್ತಾನ್. 1980ರಲ್ಲಿ ಸಂಸತ್ತಿನ ಕಾಯ್ದೆಯಿಂದ ಅದು ರಾಷ್ಟ್ರೀಯ ಮಹತ್ವದ ಸಂಸ್ಥೆಯಾಯಿತು. ಅವರ ಹಟ ಏನೆಂದರೆ, ಆಸ್ಪತ್ರೆಯೊಳಗೇ ಎಂಜಿನಿಯರುಗಳು, ರಸಾಯನ ವಿಜ್ಞಾನಿಗಳು ಇರಬೇಕು, ನಮ್ಮ ರೋಗಿಗೆ ಬೇಕಾದ ಸಾಮಾನು ಇಲ್ಲೇ ಆಗಬೇಕು. ಪೂಜಪ್ಪುರದ ಸಾಟಲ್‌ಮಂಡ್ ಅರಮನೆಯಲ್ಲಿ ಆ ವಿಭಾಗ ಶುರುವಾಯಿತು. ಅರಮನೆಯಲ್ಲಿ ಪ್ಲಾಸ್ಟಿಕ್ ಪರೀಕ್ಷೆ! ಅಲ್ಲಿ ತಯಾರಾದ ಹೃದಯದ ಕವಾಟ 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಕೂತದ್ದು ಹೆಸರಾದ ಕಥೆ. ಅಷ್ಟು ಹೆಸರಾಗದ್ದು ರಕ್ತದ ಚೀಲದ ಕಥೆ.

ನೋಡೋಕೆ ಅದು ಒಂದು ಪ್ಲಾಸ್ಟಿಕ್ ಕವರ್. ಆದರೆ ಆ ಪಿವಿಸಿ ಮೆತ್ತಗಿರಬೇಕು, ರಕ್ತ ಕೆಡಿಸಬಾರದು, ಬೆಸುಗೆ ಸೋರಬಾರದು, ಒಳಗೆ ರಕ್ತ ಹೆಪ್ಪುಗಟ್ಟದಂತೆ ದ್ರಾವಣ ತುಂಬಿ ಉಗಿಯಲ್ಲಿ ಬೇಯಿಸಿದರೂ ಏನೂ ಆಗಬಾರದು. ಪ್ರಯೋಗಾಲಯದಲ್ಲಿ ಇದು ಸಾಧ್ಯವಾಯಿತು. ಕಾರ್ಖಾನೆ ಯಾರು ಹಾಕ್ತಾರೆ? ಸಿ. ಬಾಲಗೋಪಾಲ್ ಅನ್ನುವವರು ಐಎಎಸ್ ಕೆಲಸಕ್ಕೆ ರಾಜೀನಾಮೆ ಕೊಟ್ಟು, 1980ರ ದಶಕದಲ್ಲಿ ಪೆನಿನ್ಸುಲಾ ಪಾಲಿಮರ್ಸ್ ಅನ್ನುವ ಕಂಪನಿ ಮಾಡಿ ಆ ತಂತ್ರಜ್ಞಾನ ಪಡೆದುಕೊಂಡರು. ಕೇರಳದಲ್ಲಿ ಕಾರ್ಖಾನೆ ನಡೆಯಲ್ಲ ಅಂತ ಎಲ್ಲರೂ ಹೇಳ್ತಿದ್ದ ಕಾಲ ಅದು. ಮುಂದೆ ಜಪಾನಿನ ಟೆರುಮೊ ಜೊತೆ ಸೇರಿ ಅದು ಟೆರುಮೊ ಪೆನ್‌ಪೋಲ್ ಆಯಿತು. ಈಗ ಜಗತ್ತಿನ ದೊಡ್ಡ ರಕ್ತಚೀಲ ತಯಾರಕರಲ್ಲಿ ಒಂದು. ಮುಂದಿನ ಸಲ ರಕ್ತ ಕೊಡುವಾಗ ಚೀಲದ ಚೀಟಿ ಓದಿ. ಬೆಂಗಳೂರಿನಲ್ಲಿ ಕೊಟ್ಟರೂ, ಹುಬ್ಬಳ್ಳಿಯಲ್ಲಿ ಕೊಟ್ಟರೂ, ಅದು ತಿರುವನಂತಪುರದ್ದೇ ಆಗಿರೋ ಸಾಧ್ಯತೆ ಇದೆ.

ಇಷ್ಟೆಲ್ಲ ಇದ್ದೂ, ಅವತ್ತು ನನ್ನ ಗೆಳೆಯನ ಬಾಯಿಂದ ಬಂದ ಮೊದಲ ಮಾತು 'ಕೇಸ್ ಆಗುತ್ತೆ'. ಆ ಭಯ ಸುಮ್ಮನೆ ಹುಟ್ಟಿದ್ದಲ್ಲ, ಒಂದು ಕಾಲಕ್ಕೆ ಅದು ನಿಜವೇ. 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 'ಮೊದಲು ಚಿಕಿತ್ಸೆ, ಪೊಲೀಸ್ ಕಾಗದ ಆಮೇಲೆ' ಅಂತ ವೈದ್ಯರಿಗೆ ಹೇಳಬೇಕಾಯಿತು. ದಾರಿಹೋಕರಿಗೆ ರಕ್ಷಣೆ ಬರೋಕೆ ಇನ್ನೂ 27 ವರ್ಷ ಹಿಡಿಯಿತು. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿ ಹರಿದು ದೇಹ ಎರಡಾದ ಯುವಕ, ಕಣ್ಣು ದಾನ ಮಾಡಿ ಅಂತ ಬೇಡಿದ್ದು ನಿಮಗೆಲ್ಲ ನೆನಪಿರಬೇಕು. ಆ ಗಾಯ ಯಾರ ಕೈಗೂ ನಿಲ್ಲುವಂಥದ್ದಲ್ಲ. ಆದರೆ ಆ ವಿಡಿಯೊ ನೋಡಿದ ಕರ್ನಾಟಕಕ್ಕೆ ಸುತ್ತ ನಿಂತವರು ಕಂಡರು. ಮರುತಿಂಗಳೇ ಅವನ ಹೆಸರಲ್ಲಿ ಸಾಂತ್ವನ ಹರೀಶ್ ಯೋಜನೆ ಬಂತು, ಅಪಘಾತವಾದವರಿಗೆ ಮೊದಲ 48 ಗಂಟೆ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ. ಅದೇ ಮಾರ್ಚ್ 30ರಂದು ಸೇವ್‌ಲೈಫ್ ಫೌಂಡೇಶನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನೆರವಿಗೆ ಬಂದವರನ್ನ ಕಾಯುವ ಮಾರ್ಗಸೂಚಿಯನ್ನ ದೇಶಕ್ಕೆಲ್ಲ ಕಡ್ಡಾಯ ಮಾಡಿತು. ಇದಕ್ಕೆ ಸ್ವಂತ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮದು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಒಳ್ಳೆಯ ಮನಸ್ಸಿಂದ ನೆರವಾದವರ ಮೇಲೆ ಸಿವಿಲ್, ಕ್ರಿಮಿನಲ್ ಯಾವ ಹೊಣೆಯೂ ಇಲ್ಲ. ಹೆಸರು, ಫೋನ್ ನಂಬರ್ ಕೊಡು ಅಂತ ಪೊಲೀಸರು ಒತ್ತಾಯ ಮಾಡುವ ಹಾಗಿಲ್ಲ. ಕೇರಳಕ್ಕೂ ಇದು ಅನ್ವಯ. ನನ್ನ ಗೆಳೆಯನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

2022 ಒಂದೇ ವರ್ಷ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ.

ಮಾತು ಮುಗಿದ ಮೇಲೆ ಕಾಕ್ಕನಾಡಿನ ಒಬ್ಬ ಹುಡುಗಿ ಕೇಳಿದಳು: 'ಅಣ್ಣ, ಇತಿಹಾಸ ಆಯ್ತು. ನಾಳೆ ನನ್ನೆದುರು ಆದರೆ ಏನು ಮಾಡ್ಲಿ? ಪ್ಯಾಂಟಿನ ಬೆಲ್ಟ್ ಕಟ್ಟಿದರೆ ಸಾಕಾ?' ನಾನು ಡಾಕ್ಟರ್ ಅಲ್ಲ, ಒಂದು ದಿನದ ತರಬೇತಿ ಪಡೆದವನು. ಅಲ್ಲಿ ಕಲಿಸಿದ್ದನ್ನೇ ಹೇಳಿದೆ. ಮೊದಲು ಗಾಡಿಗಳು ಬರ್ತಾ ಇವೆಯಾ ನೋಡು, ನೀನು ಬೀಳಬಾರದು. ಪಕ್ಕದವರೊಬ್ಬರನ್ನ ಬೆರಳು ಮಾಡಿ ತೋರಿಸಿ 108ಕ್ಕೆ ಫೋನ್ ಮಾಡಿಸು, ಇಲ್ಲ 112ಕ್ಕೆ. ಗ್ಲೌಸ್ ಇಲ್ಲವಾದರೆ ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೋ. ಬಟ್ಟೆ ಇಟ್ಟು, ಮೊಣಕೈ ನೆಟ್ಟಗೆ ಮಾಡಿ, ಮೈಭಾರ ಹಾಕಿ ಒತ್ತು. ನೆಂದರೆ ಅದರ ಮೇಲೇ ಇನ್ನೊಂದು ಬಟ್ಟೆ ಇಡು, ಎತ್ತಿ ನೋಡಬೇಡ, ನಾನು ನೋಡಿ ಬೈಸಿಕೊಂಡಿದ್ದೇನೆ. ಗಾಯದಲ್ಲಿ ಗಾಜು, ಕಬ್ಬಿಣ ಚುಚ್ಚಿಕೊಂಡಿದ್ದರೆ ಕೀಳಬೇಡ, ಅದರ ಅಕ್ಕಪಕ್ಕ ಒತ್ತು. ಎದೆ, ಹೊಟ್ಟೆಯ ಗಾಯದೊಳಗೆ ಬಟ್ಟೆ ತುರುಕಬೇಡ. ಬೆರಳು ತುಂಡಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಕವರಿಗೆ ಹಾಕಿ ಕಟ್ಟಿ, ಆ ಕವರನ್ನ ಐಸ್ ನೀರಿನಲ್ಲಿಡು. ಬೆರಳಿಗೆ ಐಸ್ ನೇರ ತಾಗಬಾರದು.

ಬೆಲ್ಟ್ ಸಾಮಾನ್ಯವಾಗಿ ಸಾಲೋದಿಲ್ಲ, ಗಟ್ಟಿಯಾಗಿರೋದ್ರಿಂದ ಬೇಕಾದಷ್ಟು ಬಿಗಿಯಾಗೋದಿಲ್ಲ. ಅರೆಬಿಗಿ ಪಟ್ಟಿ ಇನ್ನೂ ಕೆಟ್ಟದ್ದು, ವಾಪಸ್ ಬರುವ ರಕ್ತ ತಡೆಯುತ್ತೆ, ಹೋಗುವ ರಕ್ತ ಹೋಗ್ತಾನೇ ಇರುತ್ತೆ. ಕೈಕಾಲಿನ ಗಾಯ ಒತ್ತಿದರೂ ನಿಲ್ಲದಿದ್ದರೆ, ಸರಿಯಾದ ಟೂರ್ನಿಕೆಟ್ ಸಿಕ್ಕರೆ, ಗಾಯದಿಂದ ಎರಡು ಮೂರು ಇಂಚು ಮೇಲೆ, ಮಂಡಿ ಮೊಣಕೈ ಬಿಟ್ಟು ಕಟ್ಟಿ, ರಕ್ತ ನಿಲ್ಲುವವರೆಗೆ ತಿರುಗಿಸು. ನೋವಿಗೆ ಕೂಗ್ತಾರೆ, ಸಡಿಲ ಮಾಡಬೇಡ. ಕಟ್ಟಿದ ಸಮಯವನ್ನ ಅವರ ಮೈಮೇಲೇ ಬರಿ. ಅದು ಸಿಗದಿದ್ದರೆ ಅಗಲದ ಬಟ್ಟೆ, ಒಂದು ಗಟ್ಟಿ ಕೋಲು. ಅದೂ ಬರದಿದ್ದರೆ ಒತ್ತೋದನ್ನ ಬಿಡಬೇಡ.

'ತೋರ್ತು ಎಲ್ಲಿ ಸಿಗುತ್ತೆ?' ಅಂತ ಅವಳೇ ಮತ್ತೆ ಕೇಳಿದಳು. ನನ್ನ ಬ್ಯಾಗಿನಲ್ಲಿ ಒಂದು ಯಾವಾಗಲೂ ಇರುತ್ತೆ, ತೆಗೆದು ತೋರಿಸಿದೆ. ಎರ್ನಾಕುಲಂ ಬ್ರಾಡ್‌ವೇಯಲ್ಲಿ ಕೊಂಡದ್ದು.